ಬಾಣಂತಿಯ ಹಕ್ಕು: ಕಾನೂನು ನಡೆದು ಬಂದ ದಾರಿ

ಹೆರಿಗೆಯಾದ ಹೆಣ್ಣುಮಗಳನ್ನು ನಲವತ್ತು ದಿನ ಕೆಲಸಕ್ಕೆ ಹಚ್ಚದೆ ನೋಡಿಕೊಳ್ಳುವ ರೂಢಿ ನಿಮಗೆಲ್ಲ ಗೊತ್ತು. ಆದರೆ ಕೂಲಿಯಿಂದಲೇ ಒಲೆ ಉರಿಯುವ ಮನೆಯಲ್ಲಿ ಆ ದಿನಗಳ ಅನ್ನವನ್ನು ಯಾರು ಕೊಡಬೇಕು? ಈ ಪ್ರಶ್ನೆಗೆ ಕಾನೂನು ಉತ್ತರ ಹುಡುಕತೊಡಗಿ ನೂರು ವರ್ಷ ದಾಟಿದೆ.

1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು, ಹೆರಿಗೆಯ ನಂತರ ಆರು ವಾರ ತಾಯಿಯನ್ನು ದುಡಿಸಬಾರದು, ಅವಳ ಮತ್ತು ಮಗುವಿನ ಪೋಷಣೆಗೆ ಹಣ ಸಿಗಬೇಕು ಎಂದು ಒಪ್ಪಂದ ಮಾಡಿತು. ನಮ್ಮಲ್ಲಿ 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಇಂಥ ಮಸೂದೆಯನ್ನು ಬೆಂಬಲಿಸಿ, ತಾಯಿಯ ವಿಶ್ರಾಂತಿ ದೇಶದ ಹಿತಕ್ಕೇ ಸೇರಿದ್ದು ಎಂದು ವಾದಿಸಿದರು. ಮರುವರ್ಷವೇ ಮುಂಬೈ ಹೆರಿಗೆ ಸೌಲಭ್ಯ ಕಾಯ್ದೆ ಬಂತು.

ಸ್ವತಂತ್ರ ಭಾರತದ 1961ರ ಕಾಯ್ದೆ ಕಾರ್ಖಾನೆ, ಗಣಿ, ತೋಟಗಳ ಹೆಂಗಸರಿಗೆ ಹನ್ನೆರಡು ವಾರಗಳ ಸಂಬಳ ಸಹಿತ ರಜೆ ನೀಡಿತು. ಮಾಲೀಕನು ಉಚಿತ ಆರೈಕೆ ಒದಗಿಸದಿದ್ದರೆ 25 ರೂಪಾಯಿ ವೈದ್ಯಕೀಯ ಬೋನಸ್, ಹೆರಿಗೆಯಿಂದ ಕಾಯಿಲೆ ಬಿದ್ದರೆ ಇನ್ನೊಂದು ತಿಂಗಳ ರಜೆ, ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆರಡು ಬಿಡುವು ಇವೂ ಅದರಲ್ಲಿದ್ದವು.

ಇಲ್ಲಿ ನಮ್ಮ ಕರಾವಳಿಯನ್ನು ನೆನೆಯಿರಿ. ಇಲ್ಲಿ ಎಲ್ಲ ಸಮುದಾಯಗಳ ಸಾವಿರಾರು ತಾಯಂದಿರು ಮನೆಯ ಜಗಲಿಯಲ್ಲೇ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಇವರನ್ನೂ ಕಾರ್ಮಿಕರೆಂದು ಒಪ್ಪಿ ಹೆರಿಗೆ ಸೌಲಭ್ಯ ಕೊಟ್ಟಿತು. ಆದರೆ ಮನೆಯಲ್ಲಿ ದುಡಿಯುವವರಿಗೆ ವೈದ್ಯಕೀಯ ಬೋನಸ್ಸನ್ನೂ ಕಾಯಿಲೆಯ ರಜೆಯನ್ನೂ ಅದೇ ಕಾಯ್ದೆ ಕೈಬಿಟ್ಟಿತು. ಮನೆಯಲ್ಲಿ ಕುಳಿತು ದುಡಿದವಳ ದೇಹಕ್ಕೆ ನೋವು ಕಡಿಮೆಯೇ?

ಕ್ರಮೇಣ ದಾರಿ ಅಗಲವಾಯಿತು. 2000ದಲ್ಲಿ ಸುಪ್ರೀಂ ಕೋರ್ಟು ದೆಹಲಿ ನಗರಪಾಲಿಕೆಯ ದಿನಗೂಲಿ ಹೆಂಗಸರಿಗೂ ಈ ಹಕ್ಕಿದೆ ಎಂದಿತು. 2013ರ ಆಹಾರ ಭದ್ರತಾ ಕಾಯ್ದೆ ಗರ್ಭಿಣಿ ಮತ್ತು ಬಾಣಂತಿಯರಿಗೆ ಕನಿಷ್ಠ 6,000 ರೂಪಾಯಿ ನೆರವನ್ನು ಘೋಷಿಸಿತು. 2017ರಲ್ಲಿ ಮೊದಲೆರಡು ಮಕ್ಕಳಿಗೆ ರಜೆ 26 ವಾರಕ್ಕೇರಿತು. 2025ರ ನವೆಂಬರ್ 21ರಿಂದ ಈ ಸೌಲಭ್ಯಗಳು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಅಸಂಘಟಿತ ಕಾರ್ಮಿಕರಿಗೂ ಆರೋಗ್ಯ ಮತ್ತು ಹೆರಿಗೆ ಯೋಜನೆಗಳನ್ನು ರೂಪಿಸಬೇಕೆಂಬ ಮಾತು ಅದರಲ್ಲಿದೆ.

ವಿದ್ಯಾರ್ಥಿ ಮಿತ್ರರೇ, ಆ ಮಾತು ಜಗಲಿಯವರೆಗೆ ತಲುಪಬೇಕಾದರೆ ಅದನ್ನು ಓದಿ ತಿಳಿಸುವವರು ಬೇಕು. ನಿಮ್ಮ ಓದಿಗಾಗಿ ಬೀಡಿ ಕಟ್ಟಿದ ಕೈಗಳಿಗೆ ನೀವು ಮೊದಲು ತೀರಿಸಬಹುದಾದ ಋಣ ಇದೇ. ಅವರ ಹಕ್ಕನ್ನು ಅವರಿಗೆ ಓದಿ ಹೇಳಿ, ಅರ್ಜಿ ಬರೆದುಕೊಡಿ.