ಬಲಾಬಲದ ಎಣಿಕೆ: ಅಮೆರಿಕದ ಕಾಲೇಜು ಫುಟ್‌ಬಾಲಿನ ನಾಳೆಯನ್ನು ಅಳೆದವರ ಇತಿಹಾಸ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಫುಟ್‌ಬಾಲ್ ಎಂದರೆ ಉಳಿದ ಜಗತ್ತು ಕಾಲಿನಿಂದ ಆಡುವ ಆಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತ, ಜೊತೆಗಾರನಿಗೆ ಎಸೆಯುತ್ತ, ಎದುರಾಳಿಯ ನೆಲವನ್ನು ಗಜಗಜವಾಗಿ ಗೆದ್ದುಕೊಳ್ಳುವ ಆಟ. ಈ ಆಟವನ್ನು ಆಡಿಸುವ ಪ್ರತಿಯೊಂದು ವಿಶ್ವವಿದ್ಯಾಲಯವೂ ತನ್ನ ತಂಡ, ತರಬೇತುದಾರರು, ಕ್ರೀಡಾಂಗಣ, ದಾನಿಗಳು ಮತ್ತು ಅಭಿಮಾನಿಗಳನ್ನು ಒಟ್ಟಾಗಿ ಸೇರಿಸಿಕೊಂಡು ಕಟ್ಟುವ ವ್ಯವಸ್ಥೆಗೆ ಅಲ್ಲಿನವರು 'ಪ್ರೋಗ್ರಾಂ' ಎನ್ನುತ್ತಾರೆ. ಆಟಗಾರನು ನಾಲ್ಕೈದು ವರ್ಷಗಳಲ್ಲಿ ಹೊರಟುಹೋಗುತ್ತಾನೆ, ತರಬೇತುದಾರನೂ ಒಂದು ದಿನ ಹೋಗುತ್ತಾನೆ, ಆದರೆ ಪ್ರೋಗ್ರಾಂ ಉಳಿಯುತ್ತದೆ. ಆದ್ದರಿಂದಲೇ ಯಾವ ಪ್ರೋಗ್ರಾಂ ಮುಂದಿನ ವರ್ಷ ಬಲಶಾಲಿಯಾಗಿರುತ್ತದೆ, ಹತ್ತು ವರ್ಷಗಳ ಬಳಿಕ ಯಾವುದು ಉಳಿದೀತು, ಯಾವುದು ಕುಸಿದೀತು ಎಂಬ ಪ್ರಶ್ನೆ ಅಲ್ಲಿ ಸುಮಾರು ಒಂದು ಶತಮಾನದಿಂದ ವಿದ್ವಾಂಸರನ್ನೂ ಪತ್ರಕರ್ತರನ್ನೂ ಸಮಾನವಾಗಿ ಕಾಡಿದೆ. ಆ ಪ್ರಶ್ನೆಗೆ ಬಂದ ಉತ್ತರಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದರೆ, ಅವು ತಂಡಗಳ ಭವಿಷ್ಯಕ್ಕಿಂತ ಹೆಚ್ಚಾಗಿ, ಒಂದು ಸಂಸ್ಥೆಯ ಬಲ ಎಲ್ಲಿ ನೆಲೆಸಿರುತ್ತದೆ ಎಂಬುದರ ಬಗ್ಗೆ ಆಯಾ ಕಾಲದವರು ಇಟ್ಟುಕೊಂಡಿದ್ದ ನಂಬಿಕೆಯನ್ನು ಹೇಳುತ್ತವೆ.

ಇಂಥ ಎಣಿಕೆಯ ಅಗತ್ಯ ಹುಟ್ಟಿದ್ದು ಆಟದ ಸ್ವರೂಪದಿಂದಲೇ. 1869ರ ನವೆಂಬರ್ 6ರಂದು ನ್ಯೂ ಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ ರಟ್‌ಗರ್ಸ್ ತಂಡವು ಪ್ರಿನ್ಸ್‌ಟನ್ ತಂಡವನ್ನು 6-4ರಿಂದ ಸೋಲಿಸಿದ ಪಂದ್ಯವನ್ನು ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯವೆಂದು ಎಣಿಸುವುದು ವಾಡಿಕೆ. ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪ್ 1880ರ ದಶಕದ ಆರಂಭದಲ್ಲಿ ತಂದ ನಿಯಮಗಳಿಂದ ಅದು ಇಂಗ್ಲೆಂಡಿನ ರಗ್ಬಿಯಿಂದ ಬೇರೆಯಾಗಿ ಸ್ವತಂತ್ರ ಆಟವಾಯಿತು. ಆಗ ಯೇಲ್, ಹಾರ್ವರ್ಡ್, ಪ್ರಿನ್ಸ್‌ಟನ್‌ಗಳೇ ಶ್ರೇಷ್ಠವೆಂಬುದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಆಟವು ಪಶ್ಚಿಮಕ್ಕೂ ದಕ್ಷಿಣಕ್ಕೂ ಹರಡಿದಂತೆ ನೆರೆಹೊರೆಯ ವಿಶ್ವವಿದ್ಯಾಲಯಗಳು ಕೂಡಿ 'ಕಾನ್ಫರೆನ್ಸ್' ಎಂಬ ಪ್ರಾದೇಶಿಕ ಒಕ್ಕೂಟಗಳನ್ನು ಕಟ್ಟಿಕೊಂಡು, ಬಹುಪಾಲು ಪಂದ್ಯಗಳನ್ನು ತಮ್ಮೊಳಗೇ ಆಡತೊಡಗಿದವು. ದೇಹವನ್ನು ಜಜ್ಜುವ ಈ ಆಟವನ್ನು ವಾರಕ್ಕೊಮ್ಮೆಗಿಂತ ಹೆಚ್ಚು ಆಡುವುದು ಕಷ್ಟವಾದ್ದರಿಂದ, ಒಂದು ಹಂಗಾಮಿನಲ್ಲಿ ಒಂದು ತಂಡ ಎದುರಿಸುತ್ತಿದ್ದದ್ದು ಎಂಟು ಹತ್ತು ಎದುರಾಳಿಗಳನ್ನು ಮಾತ್ರ. ಕ್ಯಾಲಿಫೋರ್ನಿಯದ ಅಜೇಯ ತಂಡವೂ ಅಲಬಾಮಾದ ಅಜೇಯ ತಂಡವೂ ಪರಸ್ಪರ ಭೇಟಿಯಾಗದೆಯೇ ವರ್ಷ ಮುಗಿಯಬಹುದಾಗಿತ್ತು. ಕಣದಲ್ಲಿ ತೀರ್ಮಾನವಾಗದ ಶ್ರೇಷ್ಠತೆಯನ್ನು ಕಾಗದದ ಮೇಲೆ ತೀರ್ಮಾನಿಸಬೇಕಾಗಿ ಬಂದದ್ದು ಹೀಗೆ.

ಈ ಕೆಲಸಕ್ಕೆ ಗಣಿತವನ್ನು ಹಚ್ಚಿ ದೇಶದಾದ್ಯಂತ ಹೆಸರಾದವರಲ್ಲಿ ಮೊದಲಿಗರು ಇಲಿನಾಯ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಪ್ರಾಧ್ಯಾಪಕ ಫ್ರಾಂಕ್ ಡಿಕಿನ್ಸನ್. ಶಿಕಾಗೋದ ಉಡುಪು ತಯಾರಕ ಜ್ಯಾಕ್ ರಿಸ್‌ಮನ್ ರಾಷ್ಟ್ರಮಟ್ಟದ ಟ್ರೋಫಿಯೊಂದನ್ನು ಕೊಡಲು ಮುಂದಾದುದರಿಂದ ಡಿಕಿನ್ಸನ್ ಪದ್ಧತಿ 1926ರಲ್ಲಿ ಸಾರ್ವಜನಿಕವಾಯಿತು. ಅದರ ತಿರುಳು ಸರಳವಾಗಿತ್ತು: ಸೋತದ್ದಕ್ಕಿಂತ ಹೆಚ್ಚು ಗೆದ್ದ ತಂಡಗಳನ್ನು ಮೊದಲ ವರ್ಗವೆಂದೂ ಉಳಿದವನ್ನು ಎರಡನೆಯ ವರ್ಗವೆಂದೂ ವಿಂಗಡಿಸಿ, ಮೊದಲ ವರ್ಗದ ಎದುರಾಳಿಯನ್ನು ಗೆದ್ದರೆ 30 ಅಂಕ, ಎರಡನೆಯ ವರ್ಗದ ಎದುರಾಳಿಯನ್ನು ಗೆದ್ದರೆ 20 ಅಂಕ ಕೊಡಲಾಗುತ್ತಿತ್ತು; ಸೋತರೂ ಕ್ರಮವಾಗಿ 15 ಮತ್ತು 10 ಅಂಕ ದಕ್ಕುತ್ತಿದ್ದವು; ಬಳಿಕ ಸರಾಸರಿ ತೆಗೆಯಲಾಗುತ್ತಿತ್ತು. ಬಲಿಷ್ಠರೊಡನೆ ಸೆಣಸಿ ಸೋಲುವುದೂ ಬೆಲೆಯುಳ್ಳದ್ದೆಂಬ ಈ ವಿಚಾರ ಆ ಕಾಲಕ್ಕೆ ಹೊಸದು, ಮತ್ತು ಇಂದಿನ ಎಲ್ಲ ಶ್ರೇಯಾಂಕ ಪದ್ಧತಿಗಳ ಬುಡದಲ್ಲಿಯೂ ಅದೇ ಇದೆ. ಮೊದಲ ವರ್ಷದ ಗೌರವ ಸ್ಟ್ಯಾನ್‌ಫರ್ಡ್‌ಗೆ ಸಂದಿತು. ನೋಟರ್ ಡೇಮ್ ತಂಡದ ಪ್ರಸಿದ್ಧ ತರಬೇತುದಾರ ನ್ಯೂಟ್ ರಾಕ್ನಿಯ ಕೋರಿಕೆಯಂತೆ ಲೆಕ್ಕವನ್ನು 1924ಕ್ಕೆ ಹಿಂದೆ ಸರಿಸಿ ಮಾಡಲಾಗಿ, ಆ ವರ್ಷದ ಅಗ್ರಸ್ಥಾನ ಆತನ ತಂಡಕ್ಕೇ ಬಂದಿತು. ವಸ್ತುನಿಷ್ಠವೆಂದು ಕಾಣುವ ಸೂತ್ರಕ್ಕೂ ಅದನ್ನು ಯಾವ ಕಾಲಕ್ಕೆ ಹೂಡಬೇಕೆಂದು ನಿರ್ಧರಿಸುವ ಮನುಷ್ಯರಿರುತ್ತಾರೆ ಎಂಬುದು ಆಗಲೇ ಗೋಚರವಾಗಿತ್ತು.

ಡಿಕಿನ್ಸನ್ನರ ಲೆಕ್ಕ ಮುಗಿದ ಹಂಗಾಮಿಗೆ ತೀರ್ಪು ಕೊಡುತ್ತಿತ್ತೇ ಹೊರತು ಮುಂದಿನದನ್ನು ನುಡಿಯುತ್ತಿರಲಿಲ್ಲ. ಆ ಹೆಜ್ಜೆಯನ್ನು ಇಟ್ಟವರು ಅವರ ಬೆನ್ನಿಗೇ ಬಂದ ಡಿಕ್ ಡಂಕೆಲ್ ಮತ್ತು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಕಲಿಸುತ್ತಿದ್ದ ಎಡ್ವರ್ಡ್ ಲಿಟ್ಕೆನ್‌ಹೌಸ್ ಮೊದಲಾದವರು. ಗೆಲುವು ಸೋಲುಗಳಷ್ಟೇ ಅಲ್ಲದೆ ಗೆಲುವಿನ ಅಂತರವನ್ನೂ ಎದುರಾಳಿಯ ಮಟ್ಟವನ್ನೂ ಲೆಕ್ಕಕ್ಕೆ ಹಿಡಿದು ಪ್ರತಿ ತಂಡಕ್ಕೂ ಒಂದು ಅಂಕಿಯನ್ನು ಕೊಟ್ಟರೆ, ಎರಡು ತಂಡಗಳ ಅಂಕಿಗಳ ವ್ಯತ್ಯಾಸವೇ ಅವುಗಳ ಮುಂದಿನ ಪಂದ್ಯದ ಅಂದಾಜು ಆಗುತ್ತದೆ ಎಂಬುದು ಅವರ ವಾದ. ಶ್ರೇಯಾಂಕವು ಗೌರವಪತ್ರವಾಗುವುದನ್ನು ಬಿಟ್ಟು ಮುನ್ಸೂಚನೆಯ ಸಾಧನವಾದದ್ದು ಇಲ್ಲಿ.

ಅಂಕಿಗಳಿಗೆ ಎದುರಾಗಿ ಅಭಿಪ್ರಾಯದ ದಾರಿಯೂ ಅದೇ ಕಾಲದಲ್ಲಿ ತೆರೆಯಿತು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯು 1936ರಿಂದ ಕ್ರೀಡಾ ಬರಹಗಾರರ ಮತಗಳನ್ನು ಕೂಡಿಸಿ ವಾರವಾರವೂ ಶ್ರೇಯಾಂಕ ಪ್ರಕಟಿಸತೊಡಗಿತು. ಆ ವರ್ಷ ಅಗ್ರಸ್ಥಾನ ಪಡೆದದ್ದು ಮಿನೆಸೋಟ. 1950ರಿಂದ ಒಂದೂ ಪಂದ್ಯ ನಡೆಯುವ ಮೊದಲೇ ಮತ ಹಾಕುವ ಪದ್ಧತಿ ಆರಂಭವಾಗಿ, ಆ ಮೊದಲ ಪ್ರಯತ್ನದಲ್ಲಿ ಅಗ್ರಸ್ಥಾನದಲ್ಲಿದ್ದ ನೋಟರ್ ಡೇಮ್ ನಾಲ್ಕು ಗೆದ್ದು ನಾಲ್ಕು ಸೋತು ಒಂದನ್ನು ಸಮ ಮಾಡಿಕೊಂಡಿತು. ಹಿಂದಿನ ವರ್ಷ ಗೆದ್ದವರೇ ಮುಂದೆಯೂ ಗೆಲ್ಲುವರೆಂಬ ಊಹೆ ಈ ಮತದಾನದ ಆಧಾರ; 1964ರಲ್ಲಿ ಮಿಸಿಸಿಪಿ, 2012ರಲ್ಲಿ ಸದರ್ನ್ ಕ್ಯಾಲಿಫೋರ್ನಿಯ ತಂಡಗಳು ಅಗ್ರಸ್ಥಾನದಿಂದ ಆರಂಭಿಸಿ ಕೊನೆಗೆ ಪಟ್ಟಿಯಲ್ಲೇ ಉಳಿಯದೆ ಹೋದದ್ದು ಆ ಊಹೆಯ ಮಿತಿಯನ್ನು ಮತ್ತೆ ಮತ್ತೆ ತೋರಿಸಿತು.

ಒಂದು ವರ್ಷದ ಅಂದಾಜೇ ಹೀಗೆ ತಪ್ಪುವಾಗ, ದಶಕಗಳ ಅಂದಾಜು ತಪ್ಪುವ ಬಗೆ ಇನ್ನೂ ಗಂಭೀರವಾದದ್ದು, ಏಕೆಂದರೆ ಅಲ್ಲಿ ತಪ್ಪುವುದು ಲೆಕ್ಕವಲ್ಲ, ಲೆಕ್ಕಕ್ಕೆ ಆಧಾರವಾದ ಸಂಸ್ಥೆಯೇ ಬದಲಾಗಿರುತ್ತದೆ. ಇದಕ್ಕೆ ಶಿಕಾಗೋ ವಿಶ್ವವಿದ್ಯಾಲಯಕ್ಕಿಂತ ಸ್ಪಷ್ಟವಾದ ಸಾಕ್ಷಿ ಇಲ್ಲ. 1892ರಿಂದ 1932ರವರೆಗೆ ಏಮಸ್ ಅಲೊಂಜೊ ಸ್ಟ್ಯಾಗ್ ಅಲ್ಲಿ ಕಟ್ಟಿದ ತಂಡ ಮಧ್ಯಪಶ್ಚಿಮದ ದಿಗ್ಗಜಗಳಲ್ಲಿ ಒಂದಾಗಿತ್ತು. ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ, ಈಗ ಹೈಸ್‌ಮನ್ ಟ್ರೋಫಿ ಎಂದು ಹೆಸರಾದ ಗೌರವವನ್ನು 1935ರಲ್ಲಿ ಮೊದಲ ಬಾರಿಗೆ ಪಡೆದ ಜೇ ಬರ್ವ್ಯಾಂಗರ್ ಕೂಡ ಅಲ್ಲಿಯವನೇ. ಆದರೆ ವಿಶ್ವವಿದ್ಯಾಲಯದ ಗುರಿ ವಿದ್ಯೆಯೇ ಹೊರತು ಪ್ರದರ್ಶನವಲ್ಲವೆಂದು ನಂಬಿದ್ದ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಅವರ ಕಾಲದಲ್ಲಿ ತಂಡ ಸೊರಗಿ, 1939ರಲ್ಲಿ ಮಿಷಿಗನ್ ವಿರುದ್ಧ 85-0ರಿಂದ ಸೋತು, ಆ ವರ್ಷದ ಕೊನೆಗೆ ಆಟವನ್ನೇ ಕೈಬಿಡಲಾಯಿತು. ಬರಿದಾದ ಸ್ಟ್ಯಾಗ್ ಫೀಲ್ಡ್ ಕ್ರೀಡಾಂಗಣದ ಪ್ರೇಕ್ಷಕರ ಕಟ್ಟೆಯ ಕೆಳಗೆ 1942ರ ಡಿಸೆಂಬರ್‌ನಲ್ಲಿ ಎನ್ರಿಕೊ ಫರ್ಮಿ ಅವರ ತಂಡವು ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆಯನ್ನು ಸಾಧಿಸಿತು. ಒಂದು ಸಂಸ್ಥೆ ತಾನು ಯಾವುದಕ್ಕಾಗಿ ಬದುಕಬೇಕೆಂದು ಹೊಸದಾಗಿ ಆಯ್ದುಕೊಂಡರೆ, ಅದರ ನಲವತ್ತು ವರ್ಷಗಳ ಅಂಕಪಟ್ಟಿ ಯಾವ ಭವಿಷ್ಯವನ್ನೂ ಹೇಳಲಾರದು.

ಆಯ್ಕೆಯಿಂದಲ್ಲದೆ ಕಾಲದ ಒತ್ತಡದಿಂದ ಇಳಿದವೂ ಇವೆ. 1934ರಿಂದ 1941ರ ನಡುವೆ ಬರ್ನಿ ಬಿಯರ್‌ಮನ್ ತರಬೇತಿಯಲ್ಲಿ ಐದು ಬಾರಿ ರಾಷ್ಟ್ರ ಪ್ರಶಸ್ತಿ ಪಡೆದ ಮಿನೆಸೋಟ, 1960ರ ಬಳಿಕ ಇನ್ನೊಂದನ್ನು ಕಂಡಿಲ್ಲ. ಯುದ್ಧಾನಂತರದ ದಶಕಗಳಲ್ಲಿ ಜನಸಂಖ್ಯೆ ದಕ್ಷಿಣಕ್ಕೂ ಪಶ್ಚಿಮಕ್ಕೂ ಸರಿಯಿತು. ಟೆಕ್ಸಸ್, ಫ್ಲಾರಿಡಾ, ಕ್ಯಾಲಿಫೋರ್ನಿಯಗಳ ಪ್ರೌಢಶಾಲೆಗಳು ಆಟಗಾರರ ಗಣಿಗಳಾದವು. ಇದಕ್ಕಿಂತ ದೊಡ್ಡ ಬದಲಾವಣೆ ನ್ಯಾಯದ ಕಡೆಯಿಂದ ಬಂದಿತು. ದಕ್ಷಿಣದ ಪ್ರಮುಖ ವಿಶ್ವವಿದ್ಯಾಲಯಗಳು 1960ರ ದಶಕದವರೆಗೂ ಕಪ್ಪು ಜನರನ್ನು ತಂಡಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ತಮ್ಮ ಊರಿನ ಅತ್ಯುತ್ತಮ ಆಟಗಾರರನ್ನು ತಾವೇ ಹೊರಗಟ್ಟಿ, ಉತ್ತರದ ಮತ್ತು ಪಶ್ಚಿಮದ ತಂಡಗಳಿಗೆ ಅವರನ್ನು ಬಿಟ್ಟುಕೊಡುತ್ತಿದ್ದವು. 1970ರ ಸೆಪ್ಟೆಂಬರ್ 12ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯ ತಂಡವು ಸ್ಯಾಮ್ ಕನಿಂಗ್‌ಹ್ಯಾಮ್ ಮೊದಲಾದ ಕಪ್ಪು ಆಟಗಾರರ ಬಲದಿಂದ ಅಲಬಾಮಾವನ್ನು 42-21ರಿಂದ ಸೋಲಿಸಿದ್ದು ಆ ಯುಗದ ಗಡಿಗಲ್ಲು. ಅಲಬಾಮಾ ಆ ವೇಳೆಗಾಗಲೇ ವಿಲ್ಬರ್ ಜ್ಯಾಕ್ಸನ್ ಎಂಬ ಕಪ್ಪು ಆಟಗಾರನನ್ನು ಸೇರಿಸಿಕೊಂಡಿದ್ದರೂ ಅಂದಿನ ಕಣದಲ್ಲಿ ಅವನಿರಲಿಲ್ಲ. ದಕ್ಷಿಣದ ಬಾಗಿಲು ತೆರೆದ ಮೇಲೆ ಇಡೀ ದೇಶದ ಬಲದ ತಕ್ಕಡಿಯೇ ವಾಲಿತು. 1950ರ ಯಾವ ಸೂತ್ರವೂ ಇದನ್ನು ಹಿಡಿಯಲಾರದಾಗಿತ್ತು, ಏಕೆಂದರೆ ವರ್ಣಭೇದದ ಅಂತ್ಯವನ್ನು ಪಂದ್ಯದ ಅಂಕಗಳಲ್ಲಿ ಬರೆದಿರಲಿಲ್ಲ.

ಬಲವು ಗೆದ್ದ ಪಂದ್ಯಗಳಲ್ಲಿಲ್ಲ, ಮುಂದೆ ಬಂದು ಸೇರುವ ಹುಡುಗರಲ್ಲಿದೆ ಎಂಬ ನಂಬಿಕೆ ಬಲಗೊಂಡದ್ದು ಈ ಘಟ್ಟದಲ್ಲಿ. ಪ್ರೌಢಶಾಲೆಯ ಆಟಗಾರರನ್ನು ಒಲಿಸಿ ಕರೆತರುವ ಕೆಲಸಕ್ಕೆ 'ರಿಕ್ರೂಟಿಂಗ್' ಎಂದು ಹೆಸರು. ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ 1973ರಲ್ಲಿ ಒಂದು ತಂಡ ಕೊಡಬಹುದಾದ ವಿದ್ಯಾರ್ಥಿವೇತನಗಳಿಗೆ 105ರ ಮಿತಿ ಹಾಕಿ, 1978ರಲ್ಲಿ ಅದನ್ನು 95ಕ್ಕೂ, 1990ರ ದಶಕದಲ್ಲಿ 85ಕ್ಕೂ ಇಳಿಸಿತು. ಶ್ರೀಮಂತ ಪ್ರೋಗ್ರಾಂಗಳು ಬೇಕಾದಷ್ಟು ಆಟಗಾರರನ್ನು ಕೂಡಿಟ್ಟುಕೊಳ್ಳುವುದು ಇದರಿಂದ ತಪ್ಪಿತು. ಸ್ಥಾನಗಳು ಎಣಿಕೆಯವಾದಂತೆ ಯಾರನ್ನು ಆರಿಸಬೇಕೆಂಬುದರ ಬೆಲೆ ಏರಿತು. ಟಾಮ್ ಲೆಮಿಂಗ್ ಅವರಂಥವರು 1970ರ ದಶಕದ ಕೊನೆಯಿಂದ ಊರೂರು ಸುತ್ತಿ ಹುಡುಗರನ್ನು ನೋಡಿ ಬರೆಯತೊಡಗಿದರು. ಇಂಟರ್‌ನೆಟ್ ಬಂದ ಮೇಲೆ ಪ್ರತಿ ಹುಡುಗನಿಗೂ ಐದರವರೆಗೆ ನಕ್ಷತ್ರಗಳನ್ನು ಕೊಡುವ ಪದ್ಧತಿ ರೂಢಿಯಾಯಿತು. ಈ ನಕ್ಷತ್ರಗಳನ್ನೇ ಆಧರಿಸಿ ಬಡ್ ಎಲಿಯಟ್ ಎಂಬ ಬರಹಗಾರ 2010ರ ದಶಕದಲ್ಲಿ 'ಬ್ಲೂ ಚಿಪ್ ಅನುಪಾತ'ವನ್ನು ಜನಪ್ರಿಯಗೊಳಿಸಿದರು: ಹಿಂದಿನ ನಾಲ್ಕು ವರ್ಷಗಳಲ್ಲಿ ಸೇರಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಾಲ್ಕು ಅಥವಾ ಐದು ನಕ್ಷತ್ರದವರಾಗಿರುವ ತಂಡಗಳೇ ರಾಷ್ಟ್ರ ಪ್ರಶಸ್ತಿಗೆ ನಿಜವಾದ ಸ್ಪರ್ಧಿಗಳೆಂಬುದು ಅದರ ಸಾರ. ಸೂತ್ರ ಎಷ್ಟು ಸರಳವೋ ಅಷ್ಟೇ ಕಠೋರ. ಅಂಥ ತಂಡಗಳು ಯಾವ ವರ್ಷವೂ ಕೆಲವೇ ಇರುತ್ತಿದ್ದವು.

ಈ ನಡುವೆ ಗಣಕಯಂತ್ರಗಳು ಅಧಿಕೃತ ಸ್ಥಾನವನ್ನೇ ಪಡೆದವು. 1998ರಿಂದ 2013ರ ಹಂಗಾಮಿನವರೆಗೆ ನಡೆದ ಬಿಸಿಎಸ್ ವ್ಯವಸ್ಥೆಯಲ್ಲಿ ಮತದಾನದೊಡನೆ ಜೆಫ್ ಸಾಗರಿನ್, ಕೆನೆತ್ ಮ್ಯಾಸಿ, ಖಭೌತ ವಿಜ್ಞಾನಿ ವೆಸ್ ಕಾಲಿ ಮೊದಲಾದವರ ಲೆಕ್ಕಗಳನ್ನೂ ಬೆರೆಸಿ ಅಂತಿಮ ಪಂದ್ಯದ ಇಬ್ಬರು ಸ್ಪರ್ಧಿಗಳನ್ನು ಆರಿಸಲಾಗುತ್ತಿತ್ತು. 2001ರಲ್ಲಿ ಕೊಲರಾಡೊಗೆ 62-36ರಿಂದ ಸೋತ ನೆಬ್ರಾಸ್ಕಾ ಆ ಬಳಿಕವೂ ಅಂತಿಮ ಪಂದ್ಯಕ್ಕೆ ಆಯ್ಕೆಯಾದಾಗ ಟೀಕೆಯ ಬಿರುಗಾಳಿ ಎದ್ದು, ಮರುವರ್ಷ ಗೆಲುವಿನ ಅಂತರವನ್ನು ಲೆಕ್ಕದಿಂದ ಕೈಬಿಡಬೇಕೆಂದು ವಿಧಿಸಲಾಯಿತು. ದುರ್ಬಲರನ್ನು ಅನಗತ್ಯವಾಗಿ ಹಣಿಯುವುದನ್ನು ತಡೆಯುವ ಸದುದ್ದೇಶ ಅದಕ್ಕಿತ್ತು. ಆದರೆ ಮುಂದಿನ ಪಂದ್ಯವನ್ನು ಊಹಿಸಲು ಅತ್ಯಂತ ನೆರವಾಗುವ ಮಾಹಿತಿಯನ್ನೇ ಅದು ಕಿತ್ತುಹಾಕಿತು. ಯಾರು ಗೌರವಕ್ಕೆ ಅರ್ಹರು ಮತ್ತು ಯಾರು ಮುಂದೆ ಗೆಲ್ಲಬಲ್ಲರು ಎಂಬುವು ಎರಡು ಬೇರೆ ಪ್ರಶ್ನೆಗಳೆಂಬ ಅರಿವು ಈ ವಾದದಿಂದ ಗಟ್ಟಿಯಾಯಿತು. ಎರಡನೆಯ ಪ್ರಶ್ನೆಯನ್ನೇ ಹಿಡಿದ ಬಿಲ್ ಕಾನೆಲಿ ಅವರ 'ಎಸ್‌ಪಿ ಪ್ಲಸ್' ಪದ್ಧತಿಯು ಒಂದೊಂದು ಆಟದ ತುಣುಕಿನ ದಕ್ಷತೆಯನ್ನೂ ಅಳೆಯುತ್ತ, ಹಂಗಾಮಿನ ಮುಂಚಿನ ಅಂದಾಜಿಗೆ ಮೂರು ಆಧಾರಗಳನ್ನು ಕೂಡಿಸುತ್ತದೆ: ಇತ್ತೀಚಿನ ವರ್ಷಗಳ ಇತಿಹಾಸ, ರಿಕ್ರೂಟಿಂಗ್‌ನ ಮಟ್ಟ, ಮತ್ತು ಕಳೆದ ವರ್ಷದ ಸಾಧನೆಯಲ್ಲಿ ಎಷ್ಟು ಪಾಲನ್ನು ನೀಡಿದ ಆಟಗಾರರು ಈ ವರ್ಷಕ್ಕೂ ಉಳಿದಿದ್ದಾರೆ ಎಂಬ ಲೆಕ್ಕ. ಹಿಂದಿನ ಪೀಳಿಗೆಗಳು ಒಂದೊಂದಾಗಿ ನೆಚ್ಚಿದ್ದ ಆಧಾರಗಳು ಇಲ್ಲಿ ಒಟ್ಟಾಗಿವೆ.

ಈ ಮೂರು ಆಧಾರಗಳಿಗೂ ನಿಯಮದ ನಿರಂತರತೆಯೇ ತಳಹದಿ, ಮತ್ತು ಆ ತಳಹದಿ ಅಲುಗಿದಾಗ ಆಗುವುದೇನೆಂಬುದಕ್ಕೆ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಕಥೆಯೇ ಸಾಕು. 1982ರಲ್ಲಿ ಒಂದೂ ಪಂದ್ಯ ಸೋಲದ ಆ ತಂಡದಲ್ಲಿ ಆಟಗಾರರಿಗೆ ಗುಟ್ಟಾಗಿ ಹಣ ಕೊಡುತ್ತಿದ್ದುದು ಮತ್ತೆ ಮತ್ತೆ ಬಯಲಾಗಿ, 1987ರ ಹಂಗಾಮನ್ನು ಎನ್‌ಸಿಎಎ ಪೂರ್ತಿಯಾಗಿ ರದ್ದುಪಡಿಸಿತು. 1988ರಲ್ಲಿಯೂ ಅದು ಆಡಲಿಲ್ಲ. 1989ರಲ್ಲಿ ಮರಳಿದ ಮೇಲೆ ಎರಡು ದಶಕಗಳಲ್ಲಿ ಸೋಲಿಗಿಂತ ಗೆಲುವು ಹೆಚ್ಚಾದ ವರ್ಷ ಅದಕ್ಕೆ ಒಂದೇ ಒಂದು, 1997. ಆದರೆ 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದೆಂದಾಯಿತು. ಅದೇ ವರ್ಷದಿಂದ, ತಂಡ ಬದಲಿಸಿದವನು ಒಂದು ವರ್ಷ ಹೊರಗೆ ಕೂರಬೇಕೆಂಬ ಹಳೆಯ ನಿಯಮವೂ ಸಡಿಲಿತು. 2025ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯೊಂದರಿಂದ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ವರಮಾನದ ಪಾಲು ಕೊಡತೊಡಗಿದವು. ಹಿಂದೆ ಒಂದು ಪ್ರೋಗ್ರಾಂ ಅನ್ನೇ ಮುಳುಗಿಸಿದ ಸಂಗತಿ ಈಗ ಬೇರೆ ರೂಪದಲ್ಲಿ ನ್ಯಾಯಸಮ್ಮತ, ಮತ್ತು 2024ರಲ್ಲಿ ಅದೇ ಸದರ್ನ್ ಮೆಥಡಿಸ್ಟ್ ರಾಷ್ಟ್ರ ಪ್ರಶಸ್ತಿಯ ಹನ್ನೆರಡು ಸ್ಪರ್ಧಿಗಳಲ್ಲಿ ಒಂದಾಯಿತು.

ನಾಲ್ಕು ವರ್ಷಗಳ ಆಯ್ಕೆಯನ್ನು ಎಣಿಸಿ ಬಲವನ್ನು ನುಡಿಯುವ ವಿದ್ಯೆಗೆ ಇದರಿಂದ ದೊಡ್ಡ ಪೆಟ್ಟು ಬಿದ್ದಿದೆ. 2023ರಲ್ಲಿ ಮೂರೇ ಪಂದ್ಯ ಗೆದ್ದಿದ್ದ ಇಂಡಿಯಾನಾ, ಹೊಸ ತರಬೇತುದಾರ ಕರ್ಟ್ ಸಿಗ್ನೆಟಿ ಮತ್ತು ಬೇರೆ ತಂಡಗಳಿಂದ ವರ್ಗವಾಗಿ ಬಂದ ಆಟಗಾರರೊಡನೆ 2024ರಲ್ಲಿ ಹನ್ನೊಂದು ಗೆದ್ದಿತು. 2023ರಲ್ಲಿ ಹದಿಮೂರು ಗೆದ್ದಿದ್ದ ಫ್ಲಾರಿಡಾ ಸ್ಟೇಟ್, ಹತ್ತನೆಯ ಶ್ರೇಯಾಂಕದೊಡನೆ ಆರಂಭಿಸಿಯೂ 2024ರಲ್ಲಿ ಎರಡೇ ಪಂದ್ಯ ಗೆದ್ದಿತು.

ಇಷ್ಟರಿಂದ ಭವಿಷ್ಯ ನುಡಿಯುವ ವಿದ್ಯೆ ವ್ಯರ್ಥವೆಂದು ತೀರ್ಮಾನಿಸುವುದು ಅನ್ಯಾಯವಾದೀತು. ಡಿಕಿನ್ಸನ್ನರಿಂದ ಕಾನೆಲಿಯವರವರೆಗೆ ಈ ಪರಂಪರೆ ಸಾಧಿಸಿದ್ದು ದೊಡ್ಡದು: ಅದು ಹೆಸರಿನ ಮೋಹದಿಂದ ಸಾಧನೆಯನ್ನು ಬೇರ್ಪಡಿಸಿತು, ದೂರದ ಅಪರಿಚಿತ ತಂಡಕ್ಕೂ ನ್ಯಾಯವಾದ ತೂಕ ಕೊಡುವ ದಾರಿ ತೋರಿತು, ಒಂದು ವರ್ಷದ ಮಟ್ಟಿಗೆ ನಂಬಬಹುದಾದ ಅಂದಾಜುಗಳನ್ನು ಕೊಟ್ಟಿತು. ಆದರೆ ದೀರ್ಘಕಾಲದ ಬಲವನ್ನು ನಿರ್ಧರಿಸಿದ ಸಂಗತಿಗಳು, ಎಂದರೆ ಶಿಕಾಗೋದ ತ್ಯಾಗ, ದಕ್ಷಿಣದ ವರ್ಣಭೇದದ ಅಂತ್ಯ, ವಿದ್ಯಾರ್ಥಿವೇತನದ ಮಿತಿ, ಆಟಗಾರನ ದುಡಿಮೆಗೆ ಸಂದ ಬೆಲೆ, ಇವೆಲ್ಲವೂ ಆಡಳಿತ ಮಂಡಳಿಗಳಲ್ಲಿ, ನ್ಯಾಯಾಲಯಗಳಲ್ಲಿ ಮತ್ತು ಸಮಾಜದ ಅಂತಃಕರಣದಲ್ಲಿ ತೀರ್ಮಾನವಾದಂಥವು. ಆದ್ದರಿಂದ ಒಂದು ಪ್ರೋಗ್ರಾಂನ ಮುಂದಿನ ದಶಕವನ್ನು ತಿಳಿಯಬಯಸುವವನು ಅದರ ಅಂಕಪಟ್ಟಿಯ ಜೊತೆಗೆ, ಆ ವಿಶ್ವವಿದ್ಯಾಲಯ ತನ್ನ ಆಟಗಾರರನ್ನು ಏನೆಂದು ಕಾಣುತ್ತದೆ, ಯಾರಿಗೆ ಬಾಗಿಲು ತೆರೆಯುತ್ತದೆ, ಆಟಕ್ಕೆ ತನ್ನ ಬಾಳಿನಲ್ಲಿ ಎಷ್ಟು ಸ್ಥಾನ ಕೊಡಲು ಸಿದ್ಧವಾಗಿದೆ ಎಂಬುದನ್ನೂ ಓದಬೇಕಾಗುತ್ತದೆ.