ಮಂಗಳೂರು ಅಳಿವೆ

ನೇತ್ರಾವತಿ ಮತ್ತು ಗುರುಪುರ (ಫಲ್ಗುಣಿ) ನದಿಗಳು ಒಂದುಗೂಡಿ ಅರಬ್ಬಿ ಸಮುದ್ರ ಸೇರುವ ಇಕ್ಕಟ್ಟಾದ ಜಲಮಾರ್ಗ. ಉತ್ತರಕ್ಕೆ ಬೆಂಗ್ರೆ, ದಕ್ಷಿಣಕ್ಕೆ ಉಳ್ಳಾಲದ ಕೋಟೆಪುರ. ಎರಡೂ ಮರಳ ನಾಲಗೆಗಳು. ಒಳಗಿನ ಹಿನ್ನೀರ ದಂಡೆಯಲ್ಲಿ ಹಳೆ ಬಂದರು ಇದೆ. ಅಳಿವೆಗೆ ಅಡ್ಡಲಾಗಿ ಮರಳು ದಿಬ್ಬಗಟ್ಟುವುದರಿಂದ ಮಂಜಿ, ಪತ್ತೆಮಾರಿಯಂಥ ಹಾಯಿಹಡಗುಗಳಷ್ಟೇ ಸಲೀಸಾಗಿ ಒಳಬರುತ್ತಿದ್ದವು. ದೊಡ್ಡ ಹಡಗುಗಳು ಹೊರಗಡಲಲ್ಲೇ ಲಂಗರು ಹಾಕಬೇಕಿತ್ತು. ಮಳೆಗಾಲದಲ್ಲಿ ಸಂಚಾರವೇ ನಿಲ್ಲುತ್ತಿತ್ತು. ಊರಿನ ಯುದ್ಧಚರಿತ್ರೆಯಲ್ಲಿ ಕೋಟೆಗಳಿಗಿರುವಷ್ಟೇ ಮಹತ್ವ ಈ ಮರಳಿಗೂ ಇದೆ.

ಪೋರ್ಚುಗೀಸರು: ಅಕ್ಕಿ ವ್ಯಾಪಾರಕ್ಕಾಗಿ ಅವರಿಗೆ ಮಂಗಳೂರು ಬೇಕಿತ್ತು. ಲೋಪೊ ವಾಜ್ ದ ಸಂಪಾಯೊ 1526ರಲ್ಲಿ ಊರನ್ನು ಗೆದ್ದ. 1568ರಲ್ಲಿ ಸಂತ ಸೆಬಾಸ್ಟಿಯನ್ ಹೆಸರಿನ ಕೋಟೆ ಎದ್ದಿತು. ನೇತ್ರಾವತಿಯಾಚೆಯ ದಡ ಮಾತ್ರ ಉಳ್ಳಾಲದ ಚೌಟರದು. ರಾಣಿ ಅಬ್ಬಕ್ಕನ ಪ್ರತಿರೋಧಕ್ಕೆ ಈ ನೆಲೆಯೂ ಒಂದು ಬಲವಾಗಿದ್ದಿರಬೇಕು.

ಮೈಸೂರಿನ ಕಾಲ: 1763ರಲ್ಲಿ ಬಿದನೂರು ಕೈವಶವಾದ ಮೇಲೆ ಹೈದರಾಲಿ ಮಂಗಳೂರನ್ನು ನೌಕಾನೆಲೆಯಾಗಿಸಿದ. 1768ರಲ್ಲಿ ಮುಂಬಯಿಯಿಂದ ಬಂದ ಇಂಗ್ಲಿಷ್ ಪಡೆ ಊರನ್ನು ಹಿಡಿದರೂ ಕೆಲವೇ ತಿಂಗಳಲ್ಲಿ ಕಾಲ್ಕಿತ್ತಿತು. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್, ಊರಿನೆದುರು ಲಂಗರು ಹಾಕಿದ್ದ ಹೈದರನ ನೌಕೆಗಳ ಮೇಲೆ ಬಿದ್ದ. 28 ಮತ್ತು 26 ಫಿರಂಗಿಗಳ ಎರಡು ಹಡಗುಗಳು ಸುಟ್ಟುಹೋದವು, ಹಲವು ನೌಕೆಗಳು ದಡಕ್ಕೆ ಬಿದ್ದವು. ಒಂದು ನೌಕೆ ಮಾತ್ರ ತನ್ನಲ್ಲಿದ್ದುದನ್ನೆಲ್ಲ ನೀರಿಗೆಸೆದು ಬಂದರಿನೊಳಕ್ಕೆ ನುಸುಳಿ ಪಾರಾಯಿತು. ಹಗುರಾಗದೆ ಮರಳದಿಬ್ಬ ದಾಟುವುದು ಅದಕ್ಕೆ ಸಾಧ್ಯವಿರಲಿಲ್ಲವೆಂದು ಊಹಿಸಬಹುದು. ಶತ್ರುವನ್ನು ಹೊರಗಿಟ್ಟ ಅಳಿವೆಯೇ ಹೈದರನ ದೊಡ್ಡ ಹಡಗುಗಳನ್ನೂ ಬಯಲಿನಲ್ಲಿ ನಿಲ್ಲಿಸಿತ್ತು.

1783ರ ಮಾರ್ಚ್‌ನಲ್ಲಿ ಕೋಟೆ ಇಂಗ್ಲಿಷರ ಪಾಲಾಯಿತು. ಮೇ ತಿಂಗಳಲ್ಲಿ ಹೈದರನ ಮಗ ಟಿಪ್ಪು ಮುತ್ತಿಗೆ ಹಾಕಿದ; ಬೆನ್ನಿಗೇ ಮಳೆಗಾಲ ಹಿಡಿದು ಕಡಲಿನ ನೆರವು ದುಸ್ತರವಾಯಿತು. ಆಗಸ್ಟ್‌ನಲ್ಲಿ ಕದನವಿರಾಮವಾಯಿತು. ನವೆಂಬರಿನಲ್ಲಿ ಜನರಲ್ ಮೆಕ್ಲಿಯಡ್ ಸೈನ್ಯಸಮೇತ ಬಂದರೂ ವಿರಾಮದ ಕರಾರಿಗೆ ಕಟ್ಟುಬಿದ್ದು ದಂಡನ್ನು ಇಳಿಸಲಿಲ್ಲ. ಒಂದಿಷ್ಟು ದಿನಸಿಯಷ್ಟೇ ಕೋಟೆ ಸೇರಿತು. ಹಸಿವು, ರೋಗಗಳಿಂದ ಬಸವಳಿದ, ಕೋಟೆಯೊಳಗಿನ ಕರ್ನಲ್ ಕ್ಯಾಂಪ್‌ಬೆಲ್‌ನ ಪಡೆ 1784ರ ಜನವರಿಯಲ್ಲಿ ಶರಣಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು.

ಸುಲ್ತಾನ್ ಬತ್ತೇರಿ: ಯುದ್ಧನೌಕೆಗಳು ಗುರುಪುರ ನದಿಗೆ ನುಗ್ಗದಂತೆ ಟಿಪ್ಪು 1784ರಲ್ಲಿ ಬೋಳೂರಿನಲ್ಲಿ ಕಟ್ಟಿಸಿದ ಕಾವಲು ಬುರುಜು. ಕಪ್ಪು ಕಲ್ಲಿನ ಗೋಡೆಯಲ್ಲಿ ಫಿರಂಗಿಗಂಡಿಗಳಿವೆ; ಕೆಳಗಿನ ಕೋಣೆ ಮದ್ದಿನ ದಾಸ್ತಾನಿಗಿತ್ತು ಎನ್ನಲಾಗುತ್ತದೆ.

ಅನಂತರ: 1799ರಲ್ಲಿ ಊರು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. 1837ರ ಏಪ್ರಿಲಿನಲ್ಲಿ ಬಂಡಾಯವೆದ್ದ ಕಲ್ಯಾಣಪ್ಪನ ದಂಡು ಮಂಗಳೂರನ್ನು ಹಿಡಿದಾಗ ಇಂಗ್ಲಿಷ್ ಅಧಿಕಾರಿಗಳು ಕಡಲದಾರಿಯಲ್ಲೇ ಕಣ್ಣೂರಿಗೆ ಪಲಾಯನ ಮಾಡಿದರು. 1974ರಲ್ಲಿ ಪಣಂಬೂರಿನ ನವ ಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಅಳಿವೆ ಇಂದು ಹೆಚ್ಚಾಗಿ ಮೀನುಗಾರಿಕೆ ದೋಣಿಗಳ ದಾರಿ.