ಕ್ರ್ಯಾಂಕ್‌ಕೇಸಿನ ಮೇಲಿನ ಅಂಕಿ

ಲಷ್ಕರ್ ಮೊಹಲ್ಲಾದ ಅಶೋಕ ರಸ್ತೆಯಲ್ಲಿ, ಸಂತ ಫಿಲೋಮಿನಾ ಚರ್ಚಿನ ಮುಂದೆ ಹಳೆಯ ಜಾವಾ ಹಾದುಹೋದರೆ ಇಂದಿಗೂ ಜನ ತಿರುಗಿ ನೋಡುತ್ತಾರೆ. ಅದು ಮೈಸೂರಿನದೇ ಕೂಸು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ, ಚೆಕೊಸ್ಲೊವಾಕಿಯಾದ ಪರವಾನಗಿ ಪಡೆದು ಬೈಕ್ ತಯಾರಿಕೆಗೆ ಇಳಿಯಿತು.

ಇಂಥ ಬೈಕಿನ ವಯಸ್ಸು ಪತ್ತೆಹಚ್ಚುವುದು ಹೇಗೆ?

ಟ್ಯಾಂಕಿನ ಮೇಲಿನ ಹೆಸರನ್ನು ನಂಬುವಂತಿಲ್ಲ. ಎಪ್ಪತ್ತರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಬಂತು. ಟ್ಯಾಂಕು, ಬ್ಯಾಡ್ಜು ಬದಲಾಯಿಸುವುದು ಸುಲಭ. ನೋಡಬೇಕಾದ್ದು ಲೋಹಕ್ಕೆ ಗುದ್ದಿದ ಅಂಕಿ. 250 ಸಿಸಿಯ ಈ ಟೂ-ಸ್ಟ್ರೋಕ್ ಬೈಕಿಗೆ ಬೇರೆ ಗೇರ್‌ಬಾಕ್ಸ್ ಇಲ್ಲ. ನಾಲ್ಕೂ ಗೇರುಗಳು ಎಂಜಿನ್ನಿನ ಕ್ರ್ಯಾಂಕ್‌ಕೇಸಿನೊಳಗೇ ಕೂತಿವೆ, ಕಿಕ್ಕರ್ರೇ ಗೇರ್ ಲಿವರ್ರೂ ಹೌದು. ಹೀಗಾಗಿ ಒಂದೇ ನಂಬರು ಎಂಜಿನ್, ಗೇರ್‌ಬಾಕ್ಸ್ ಎರಡಕ್ಕೂ ಸಾಕ್ಷಿ. ಆದರೆ ಅದು ಹೇಳುವುದು ಕವಚದ ಕಥೆ ಮಾತ್ರ. ಒಳಗಿನ ಗೇರು ಬದಲಾಗಿದ್ದರೆ ಅಂಕಿಗೆ ಗೊತ್ತಾಗದು.

ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಈಗ ಕೊಳ್ಳುವವರು ಮೊದಲು ಗ್ರೀಸ್ ಒರೆಸಿ, ಎಂಜಿನ್ ಮತ್ತು ಚಾಸಿಸ್ ನಂಬರುಗಳನ್ನು ಆರ್‌ಸಿ ಪುಸ್ತಕದೊಂದಿಗೆ ತಾಳೆ ನೋಡಬೇಕು. ಅಂಕಿಗಳ ಸಾಲು ಸೊಟ್ಟಗಿದ್ದರೆ, ಸುತ್ತ ಗ್ರೈಂಡರ್ ಉಜ್ಜಿದ ಗೀರು ಕಂಡರೆ, ಮುಂಗಡ ಕೊಡುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.